ಚೊಕ್ಕಟ ಪರದೆ

ಚಪ್ಪಲಿ ಎಳೆಯುವ ಸದ್ದು, ಪರಕ್ ಪರಕ್, ಕಾರಿಡಾರಿನ ಆ ತುದಿಯಿಂದ ಈ ತುದಿಗೆ, ಕಾಲೆತ್ತಿ ಇಡುವುದಕ್ಕೂ ಸೋಮಾರಿತನ ಈ ಗುಮಾಸ್ತನಿಗೆ, ಕೈಯಲ್ಲಿ ಒಂದೇ ಒಂದು ಹಾಳೆ, ಅದನ್ನು ಒಳಗೆ ಕೊಟ್ಟು ಬರುವ ನೆಪದಲ್ಲಿ ಬೆಳಗ್ಗೆಯಿಂದ ಇದು ಆರನೆಯ ಸಲ, ಹಡಗಿನ ಮೇಲೆ ಹೀಗೆ ನಡೆದಿದ್ದರೆ ಮೊದಲ ಅಲೆಗೇ ಮೂಗು ಒಡೆದುಕೊಂಡು ಬಿದ್ದಿರುತ್ತಿದ್ದ, ಬೀಳಲಿ, ಬಿದ್ದರೆ ಒಳ್ಳೆಯದೇ — ಕಾಯುತ್ತಿದ್ದ ರಾಡಾರಿನವನು ಬೆಂಚಿನ ಮೇಲೆ ಬೆನ್ನು ನೆಟ್ಟಗೆ ಮಾಡಿ ಕೂತ, ಸಮವಸ್ತ್ರದ ಕಾಲರು ಕತ್ತು ಕೊಯ್ಯುತ್ತಿದೆ, ಹೆಂಡತಿ ಗಂಜಿ ಹಾಕಿ ಇಸ್ತ್ರಿ ತಿಕ್ಕಿದ್ದಾಳೆ, ವಿಚಾರಣೆ ಅಂದರೆ ಮದುವೆಗೆ ಹೋಗುವುದು ಅಂದುಕೊಂಡಿದ್ದಾಳೆ ಅವಳು, ಕರೆದಾಗ ಎದ್ದು ಒಳಗೆ ಹೋಗಬೇಕು, ಮೂವರು ಕೂತಿದ್ದಾರಂತೆ, ಹಡಗಿನ ಅಡುಗೆಯವನು ಆಗಲೇ ಹೋಗಿಬಂದ, ಏನಿಲ್ಲ ಮಾರಾಯ, ಹೆಸರು ಕೇಳ್ತಾರೆ, ಕೆಲಸ ಕೇಳ್ತಾರೆ, ಅವತ್ತು ಎಲ್ಲಿದ್ದೆ ಅಂತ ಕೇಳ್ತಾರೆ, ಅಡುಗೆಮನೇಲಿದ್ದೆ ಅಂದೆ, ಸರಿ ಹೋಗು ಅಂದ್ರು. ಅಡುಗೆಮನೆಯಲ್ಲಿದ್ದವನಿಗೇನು, ಕೈ ತೊಳೆದುಕೊಂಡು ಹೋದ. ರಾಡಾರ್ ಮುಂದೆ ಕೂತಿದ್ದವನು ಯಾರು ಅಂತ ಇಡೀ ಬಂದರಿಗೆ ಗೊತ್ತಾಗಿದೆ, ಟೀ ಅಂಗಡಿಯವನು ಲೋಟ ಮುಂದಿಡುವ ಮೊದಲು ಒಂದು ಗಳಿಗೆ ಮುಖ ನೋಡುತ್ತಾನೆ.

ಎದುರಿನ ಗೋಡೆಯ ಮೇಲೆ ಇವನ ಹಡಗಿನದೇ ಚಿತ್ರ, ಆಳೆತ್ತರದ್ದು, ಬಿಳಿ ಹಡಗು ನೀಲಿ ನೀರು ಸೀಳಿಕೊಂಡು ಬರುತ್ತಿದೆ, ಕೆಳಗೆ ದಪ್ಪಕ್ಷರದಲ್ಲಿ ದೂರದ ಕಡಲಲ್ಲಿ ನಿಮ್ಮ ಕಾವಲು, ಅಷ್ಟು ನೀಲಿ ನೀರನ್ನು ಇವನು ಕಂಡೇ ಇಲ್ಲ, ಹನ್ನೊಂದು ವರ್ಷದಲ್ಲಿ ಇವನು ಕಂಡ ಕಡಲೆಲ್ಲ ಕಪ್ಪು ಗಾಜು ಮತ್ತು ಅದರ ಮೇಲಿನ ಹಳದಿ ಚುಕ್ಕೆಗಳು, ಚಿತ್ರ ತೆಗೆದವನು ಯಾವನೋ ದಡದ ಮೇಲೆ ನಿಂತು ತೆಗೆದಿರಬೇಕು. ಪಕ್ಕದಲ್ಲಿ ಹಡಗಿನ ಕೆಲಸಗಳ ಪಟ್ಟಿ, ಕಳ್ಳಸಾಗಣೆ ತಡೆಯುವುದು, ಮೀನು ಕದಿಯಲು ಬರುವ ಪರದೇಶದ ಟ್ರಾಲರುಗಳನ್ನು ಅಟ್ಟುವುದು, ಎಣ್ಣೆಬಾವಿಗಳಿಗೆ ಕಾವಲಿರುವುದು, ಅಪಾಯಕ್ಕೆ ಸಿಕ್ಕ ಮೀನುಗಾರರನ್ನು ರಕ್ಷಿಸುವುದು — ಆ ಕೊನೆಯ ಸಾಲಿನ ಮೇಲೆ ಒಂದು ಕಾಗದವನ್ನಾದರೂ ಅಂಟಿಸಬೇಕು ಅಂತ ಯಾರಿಗೂ ಅನಿಸಿಲ್ಲ, ನಾಚಿಕೆಗೆಟ್ಟವರು, ದಿನಾ ಅದರ ಮುಂದೆಯೇ ಊಟದ ಡಬ್ಬಿ ಹಿಡಿದುಕೊಂಡು ಓಡಾಡುತ್ತಾರೆ. ಸುಳ್ಳು ಅನ್ನುವ ಹಾಗೂ ಇಲ್ಲ, ಅದೇ ಮೈ ಉರಿಸುವುದು, ಡೀಸೆಲ್ ಕಳ್ಳರನ್ನು ಹಿಡಿದದ್ದು ನಿಜ, ಇಂಜಿನ್ ಕೆಟ್ಟು ಮೂರು ದಿನ ತೇಲಿದ ಹನ್ನೊಂದು ಜನರ ದೋಣಿಯನ್ನು ಹುಡುಕಿ ತಂದದ್ದು ನಿಜ, ಹುಡುಕಿದ್ದು ಇವನೇ, ಇದೇ ಎರಡು ಕಣ್ಣು, ಹದಿನಾಲ್ಕು ಗಂಟೆ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕೂತು ಒಂದು ಕೂದಲೆಳೆಯಷ್ಟು ಚುಕ್ಕೆ ಕಂಡು ಸರ್ ಅಲ್ಲಿ ಏನೋ ಇದೆ ಅಂದಿದ್ದ, ಆ ಹನ್ನೊಂದು ಜನ ಹಡಗು ಹತ್ತಿ ಕೈಮುಗಿದದ್ದು ಕ್ಯಾಪ್ಟನ್‌ಗೆ, ಪತ್ರಿಕೆಯಲ್ಲಿ ಬಂದದ್ದು ಕ್ಯಾಪ್ಟನ್ ಫೋಟೋ, ಮೂಲೆಯಲ್ಲಿ ಇವನದೊಂದು ಮೊಣಕೈ. ಹೆಂಡತಿ ಆ ಮೊಣಕೈಯನ್ನೇ ಕತ್ತರಿಸಿ ಕಪಾಟಿನ ಬಾಗಿಲಿಗೆ ಅಂಟಿಸಿದ್ದಳು.

ಕ್ಯಾಪ್ಟನ್ ಆ ಬಾಗಿಲಿನ ಹಿಂದೆ ಕೂತಿದ್ದಾನೆ ಈಗ, ಕಾಲ ಮೇಲೆ ಕಾಲು ಹಾಕಿರುತ್ತಾನೆ, ಬೂಟು ಮಿಂಚುತ್ತಿರುತ್ತದೆ, ಹುಡುಗರೆಲ್ಲ ಬೆನ್ನ ಹಿಂದೆ ಅವನನ್ನು ಪಾಲಿಶ್ ಸಾಹೇಬ ಅನ್ನುತ್ತಾರೆ, ಹಿತ್ತಾಳೆಯ ಗಂಟೆ ಮಿಂಚಬೇಕು, ಬಾಗಿಲಿನ ಹಿಡಿ ಮಿಂಚಬೇಕು, ಹಗ್ಗ ಸುತ್ತಿದರೆ ಸುರುಳಿ ಅಳತೆ ಹಿಡಿದ ಹಾಗಿರಬೇಕು, ಇಂಜಿನ್ ಕೋಣೆಯಲ್ಲಿ ನೀರು ತುಂಬಿದರೂ ಪರವಾಗಿಲ್ಲ ಮೇಲಿನಿಂದ ನೋಡುವವರಿಗೆ ಹಡಗು ಲಕಲಕ ಅನ್ನಬೇಕು, ಅವನ ಮುಖಕ್ಕೆ ಉಗಿಯಬೇಕು ಅಂತ ಇವನಿಗೆ ಅನಿಸಿದ್ದು ಇವತ್ತಲ್ಲ ನಿನ್ನೆಯಲ್ಲ. ಹೋದ ವಾರ ಕ್ಯಾಬಿನ್ನಿಗೆ ಕರೆಸಿಕೊಂಡ, ಕೂತ್ಕೋ ಅಂದ, ಹನ್ನೊಂದು ವರ್ಷದಲ್ಲಿ ಮೊದಲ ಸಲ ಕೂತ್ಕೋ ಅಂದದ್ದು, ಟೀ ತರಿಸಿದ, ನೋಡಯ್ಯ, ನೀನು ಒಂದೇ ಒಂದು ಮಾತು ಹೇಳು ಸಾಕು, ಆ ದೋಣಿ ಮೇಲೆ ತಗಡು ಇರಲಿಲ್ಲ, ತಗಡಿಲ್ಲದ ಮರದ ದೋಣಿ ರಾಡಾರಿಗೆ ಕಾಣಲ್ಲ, ಇದು ಪುಸ್ತಕದಲ್ಲೇ ಇದೆ, ಸುಳ್ಳು ಹೇಳು ಅಂತ ನಾನು ಹೇಳ್ತಿಲ್ಲ, ಯಂತ್ರದ ರೆಕಾರ್ಡು ಎರಡು ದಿನಕ್ಕೆ ತಾನಾಗೇ ಅಳಿಸಿಹೋಗುತ್ತೆ ನಿನಗೆ ಗೊತ್ತಲ್ಲ, ನಮ್ಮ ಹಡಗಿನಡಿ ಸಿಕ್ಕಿ ದೋಣಿ ಪುಡಿಪುಡಿ ಆಗಿದೆ, ತಗಡು ನೀರಿನ ತಳದಲ್ಲಿದೆ, ಇತ್ತು ಅಂತ ಯಾರು ಹೇಳ್ತಾರೆ. ಹೇಳುವವನು ಇದ್ದಾನೆ. ಇಲ್ಲಿಯೇ ಇದ್ದಾನೆ, ಚಿತ್ರದ ಕೆಳಗಿನ ಬೆಂಚಿನಲ್ಲಿ, ಎಡಗೈಗೆ ಪ್ಲಾಸ್ಟರು, ಬೆಳಗ್ಗೆಯಿಂದ ಕಣ್ಣು ಪಿಳುಕಿಸದೆ ಇವನನ್ನೇ ನೋಡುತ್ತಿದ್ದಾನೆ.

ನೋಡಲಿ, ನೋಡಿ ಏನು ಮಾಡುತ್ತಾನೆ, ತಿಂದುಬಿಡುತ್ತಾನಾ. ದೋಣಿಯಲ್ಲಿದ್ದವರು ಇಬ್ಬರು, ಅಣ್ಣ ತಮ್ಮ, ಈ ಪ್ಲಾಸ್ಟರಿನವನು ಅಣ್ಣ, ತಮ್ಮ ಹೆಣವಾಗಿ ಸಿಕ್ಕಿದ್ದು ಮಾರನೆಯ ದಿನ, ಹತ್ತೊಂಬತ್ತು ದಿನ ಆಯಿತು ಇವತ್ತಿಗೆ. ಅದಕ್ಕೆ ನಾನೇನು ಮಾಡಲಿ, ಅಂದುಕೊಂಡ, ನಾನು ಚುಕ್ಕಾಣಿ ಹಿಡಿದಿದ್ದೆನಾ, ಆ ಮುಸುಕು ಬಿಸಿಲಲ್ಲಿ ಅಷ್ಟು ವೇಗ ಬೇಕು ಅಂದವನು ನಾನಾ, ಹಡಗಿನ ಮೂತಿಯ ಮೇಲೆ ದುರ್ಬೀನು ಹಿಡಿದು ನಿಂತಿರಬೇಕಾದ ಇಬ್ಬರನ್ನು ಕೆಳಗಿಳಿಸಿ ಅತಿಥಿಗಳಿಗೆ ಸಲಾಮು ಹೊಡೆಯುವ ಸಾಲಿನಲ್ಲಿ ನಿಲ್ಲಿಸಿದವನು ನಾನಾ, ಎಲ್ಲ ಅವನು, ಆ ಪಾಲಿಶು, ಇವತ್ತು ಒಳಗೆ ಹೋದರೆ ಅದನ್ನೇ ಹೇಳುವುದು, ತಗಡಿನ ಮಾತು ಎತ್ತುವುದೇ ಬೇಡ, ಕ್ಯಾಪ್ಟನ್ ಹೇಳಿದರು ನಾನು ಮಾಡಿದೆ, ನಾಲ್ಕೇ ಪದ, ಆ ಬೂಟಿನ ಮಿಂಚು ಇಳಿಯಬೇಕು, ಅವನ ಹೆಗಲಿನ ಪಟ್ಟಿ ಕಿತ್ತುಹಾಕಿದ ದಿನ ಇವನು ಹೊಟ್ಟೆ ತುಂಬ ಉಂಡು ಮಲಗುತ್ತಾನೆ. ಹೆಂಡತಿಗೆ ಇದು ಬೇಡ, ಅವಳಿಗೆ ಬೇಕಾದದ್ದು ಕ್ವಾರ್ಟರ್ಸು, ಮಗಳ ಶಾಲೆ, ರೀ, ಅವರು ಹೇಳಿಕೊಟ್ಟ ಹಾಗೆ ಹೇಳಿ ಬಂದ್ಬಿಡಿ, ನಿಮ್ಮದೇನಿದೆ ಇದರಲ್ಲಿ, ಯಂತ್ರ ತೋರಿಸಿದ್ರೆ ನೋಡೋದು, ತೋರಿಸ್ಲಿಲ್ಲ ಅಂದ್ರೆ ಇಲ್ಲ, ಅಷ್ಟೇ ತಾನೆ — ಅಷ್ಟೇ ತಾನೆ ಅಂದದ್ದಕ್ಕೆ ತಟ್ಟೆ ದೂಡಿ ಎದ್ದಿದ್ದ, ನಿನಗೆ ಯಂತ್ರದ ವಿಷಯ ಏನು ಗೊತ್ತು, ಬಾಯಿ ಮುಚ್ಕೊಂಡಿರು, ಅವಳು ಬಾಯಿ ಮುಚ್ಚಿಕೊಂಡಳು, ಮಗಳೂ ಮುಚ್ಚಿಕೊಂಡಳು, ಮೂರು ದಿನದಿಂದ ಮನೆಯಲ್ಲಿ ಪಾತ್ರೆಗಳದ್ದೇ ಮಾತು. ಅವಳು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ.

ಯಂತ್ರ ತೋರಿಸಿತ್ತು. ತೋರಿಸಿತ್ತು ಅನ್ನುವುದನ್ನು ಅವಳಿಗೆ ಹೇಗೆ ಹೇಳುವುದು, ಕಪ್ಪು ಪರದೆ, ನಡುವಿನಿಂದ ಹೊರಟ ಗೆರೆ ಎರಡೂವರೆ ಸೆಕೆಂಡಿಗೆ ಒಂದು ಸುತ್ತು ಬರುತ್ತದೆ, ಬಂದಾಗಲೆಲ್ಲ ಬಲಗಡೆ ಮೇಲೆ ಒಂದು ಸಾಸಿವೆಯಷ್ಟು ಚುಕ್ಕೆ, ಗೆರೆ ಬಂತು ಚುಕ್ಕೆ, ಗೆರೆ ಬಂತು ಚುಕ್ಕೆ — ಬೇಡ ಅದು, ಬೇರೆ ಏನಾದರೂ, ಫ್ಯಾನು, ಈ ಫ್ಯಾನಿಗೆ ಎಣ್ಣೆ ಬಿಟ್ಟು ಎಷ್ಟು ವರ್ಷವಾಯಿತೋ, ಸುತ್ತಿಗೊಂದು ಸಲ ಟಕ್ ಅನ್ನುತ್ತದೆ, ಇಂಥ ಕಚೇರಿಯವರು ಇನ್ನೊಬ್ಬರ ತಪ್ಪು ವಿಚಾರಿಸುತ್ತಾರೆ, ಟಕ್, ಸುತ್ತಿಗೊಂದು ಸಲ, ಟಕ್, ಎದ್ದು ಹೋಗಿ ನೀರು ಕುಡಿದು ಬರಬೇಕು ಅನಿಸಿತು, ಹೋದರೆ ಆ ಬೆಂಚಿನ ಮುಂದೆಯೇ ಹಾದು ಹೋಗಬೇಕು.

ನೀವೇ ಅಲ್ವಾ, ಅಂದ ದೋಣಿಯವನು. ಇವನು ಕೇಳಿಸಲಿಲ್ಲ ಅನ್ನುವ ಹಾಗೆ ಗುಮಾಸ್ತನ ಬಾಗಿಲನ್ನೇ ನೋಡಿದ. ಹೌದು ನೀವೇ, ನನಗೆ ಆಗ್ಲೇ ಗುರುತು ಸಿಕ್ತು, ಸಂಘದ ಶೆಡ್‌ಗೆ ಬಂದು ತಗಡು ಕಟ್ಟೋದು ಹೇಳ್ಕೊಟ್ಟವರು. ಆ ಧ್ವನಿಯಲ್ಲಿ ಜಗಳದ ಏರು ಇರಲಿಲ್ಲ, ಹಲ್ಲು ಕಚ್ಚಿ ಹಿಡಿದು ಆಡುವವರ ಧ್ವನಿ ಅದು. ಮೀನುಗಾರರ ಸಂಘದ ಶೆಡ್ಡು, ಬಲೆಯ ನಾತ, ಎಂಬತ್ತು ತೊಂಬತ್ತು ಜನ ನೆಲದ ಮೇಲೆ, ಹಡಗಿನಿಂದ ವರ್ಷಕ್ಕೊಮ್ಮೆ ಯಾರನ್ನಾದರೂ ಕಳಿಸಲೇಬೇಕು, ಜಾಗೃತಿ ಅಂತ ಅದಕ್ಕೊಂದು ಹೆಸರು, ಯಾರೂ ಹೋಗಲೊಪ್ಪದೆ ಇವನ ತಲೆಗೆ ಕಟ್ಟಿದರು, ಹೋದವನಿಗೆ ಅವತ್ತು ಏನೋ ಹುಮ್ಮಸ್ಸು, ಎಣ್ಣೆ ಡಬ್ಬ ಕತ್ತರಿಸಿ ಮೂರು ತಗಡು ತೆಗೆದು ಒಂದಕ್ಕೊಂದು ಅಡ್ಡ ಸಿಕ್ಕಿಸಿ ಬಿದಿರಿನ ತುದಿಗೆ ಹೇಗೆ ಕಟ್ಟಬೇಕು ಅಂತ ಮಾಡಿಯೇ ತೋರಿಸಿದ್ದ, ನೋಡಿ ಮರಕ್ಕೆ ರಾಡಾರ್ ಕಣ್ಣಿಲ್ಲ, ತಗಡಿಗಿದೆ, ಇದು ಮೇಲಿದ್ರೆ ಎಷ್ಟೇ ಮುಸುಕಿರಲಿ ನೀವು ನನಗೆ ಕಾಣ್ತೀರಿ, ನನಗೆ ಅಂದಿದ್ದ, ಹಡಗಿಗೆ ಅಂದಿರಲಿಲ್ಲ, ಮುಂದೆ ಕೂತವನೊಬ್ಬ ನಕ್ಕಿದ್ದ, ನಿಮಗೆ ನಿದ್ದೆ ಬಂದ್ರೆ ಸಾರ್, ಎಲ್ಲರೂ ನಕ್ಕಿದ್ದರು, ಇವನೂ ನಕ್ಕಿದ್ದ, ನನಗೆ ನಿದ್ದೆ ಬರಲ್ಲಪ್ಪ, ಬೇಕಾದ್ರೆ ನನ್ನ ಹೆಂಡ್ತೀನ ಕೇಳು.

ನಗಾಡಿದವನು ನನ್ನ ತಮ್ಮ, ಅಂದ ದೋಣಿಯವನು. ಅವತ್ತೇ ಸಾಯಂಕಾಲ ಡಬ್ಬ ಹುಡುಕಿ ತಂದ, ಒಂದು ಸಾಲಲ್ಲ ಅಂತ ಎರಡು ಕಟ್ಟಿದ, ಊರೋರೆಲ್ಲ ಗೇಲಿ ಮಾಡಿದ್ರು ನಮ್ಮ ದೋಣಿ ನೋಡಿ. ಇವನು ಕತ್ತು ತಿರುಗಿಸಲಿಲ್ಲ, ಕಾಲರು ಚುಚ್ಚುತ್ತಿದೆ, ಆ ದೋಣಿಯವನು ಸುಮ್ಮನಿರಬಾರದೇ, ಈ ಮನುಷ್ಯನ ಬಾಯಿಗೆ ಯಾರಾದರೂ ಬೀಗ ಹಾಕಬಾರದೇ, ನಿಮ್ಮ ಹಡಗು ಬರೋದು ನಾವು ದೂರದಿಂದ್ಲೇ ನೋಡಿದ್ವಿ, ಬಲೆ ಬಿಟ್ಟಿದ್ವಿ, ಇಂಜಿನ್ ನಿಲ್ಸಿದ್ವಿ, ನಾನು ಹೇಳ್ದೆ ಬಲೆ ಕಡಿದು ಹೋಗ್ಬಿಡೋಣ ಕಣೋ, ನೇರ ಬರ್ತಿದೆ ಅಂತ, ಅವನು ಏನಂದ ಗೊತ್ತಾ, ಅಣ್ಣ, ಅದು ಕಾವಲು ಹಡಗು, ಎರಡು ತಗಡು ಕಟ್ಟಿದೀನಿ, ನಾವು ಅವರಿಗೆ ಕಾಣ್ತಿದ್ದೀವಿ, ಕಂಡಿದ್ದಕ್ಕೇ ಇತ್ಲಾಗೆ ಬರ್ತಿದ್ದಾರೆ, ಕಾಗದಪತ್ರ ಕೇಳೋಕೆ, ಲೈಸನ್ಸು ತೆಗ್ದಿಡು ಅಂದ. ಲೈಸನ್ಸು ಕೈಲಿ ಹಿಡ್ಕೊಂಡೇ ನಿಂತಿದ್ದ. ಗುಮಾಸ್ತ ಬಂದ, ಪರಕ್ ಪರಕ್, ಏ, ಇಲ್ಲಿ ಸಾಕ್ಷಿಗಳು ಮಾತಾಡ್ಕೊಳ್ಳೋ ಹಾಗಿಲ್ಲ, ಒಂದ್ಸಲ ಹೇಳಿದ್ರೆ ಗೊತ್ತಾಗಲ್ವಾ, ಗದರಿ ಒಳಗೆ ಹೋದ, ಬೆಳಗ್ಗೆಯಿಂದ ಮೊದಲ ಸಲ ಆ ಚಪ್ಪಲಿಯ ಸದ್ದು ಇವನಿಗೆ ಹಿತವಾಯಿತು. ದೋಣಿಯವನು ನೋಡುವುದನ್ನು ಬಿಡಲಿಲ್ಲ.

ಲೈಸನ್ಸು. ಅದನ್ನು ಹೇಳಬೇಕಿರಲಿಲ್ಲ ಅವನು, ಹಾಳಾದವನು, ಬೇಕೆಂದೇ ಹೇಳಿದ್ದು, ಕೊಡಲಿ ಎತ್ತಿಕೊಂಡು ಬಂದಿದ್ದರೆ ಎದುರು ನಿಲ್ಲಬಹುದಿತ್ತು, ಇದಕ್ಕೆ ಏನು ಮಾಡುವುದು. ಪಾಲಿಶು ಅವತ್ತು ಅತಿಥಿಗಳಿಗೆ ಹಡಗು ತೋರಿಸುತ್ತಿದ್ದ, ರಾಜಧಾನಿಯಿಂದ ಬಂದ ದೊಡ್ಡ ಸಾಹೇಬರು, ಅವರ ಹೆಂಡತಿ, ಇನ್ನೂ ನಾಲ್ಕು ಜನ, ಹೊಸ ಹಡಗುಗಳಿಗೆ ಮಂಜೂರಾತಿ ಕೊಡುವವರಂತೆ, ಹಲ್ಲು ಗಿಂಜಿ ಗಿಂಜಿ ಅವನ ದವಡೆ ನೋಯುತ್ತಿರಬೇಕು, ಸರ್, ಯುದ್ಧದ ಹಡಗು ಯುದ್ಧ ಬಂದಾಗ ಬೇಕು, ನಮ್ಮದು ದಿನಾ ಬೇಕು, ದಡದಿಂದ ಇನ್ನೂರು ಮೈಲಿ ತನಕ ಒಂದು ಕಡ್ಡಿ ಅಲ್ಲಾಡಿದ್ರೂ ನಮಗೆ ಗೊತ್ತಾಗುತ್ತೆ, ಬನ್ನಿ ಸರ್, ಇದು ನಮ್ಮ ಕಣ್ಣು, ಅಂತ ಎಲ್ಲರನ್ನೂ ರಾಡಾರಿನ ಬಳಿಗೇ ಕರೆತಂದ, ಗಾಳಿ ಎದ್ದಿತ್ತು, ಅಲೆ ಇತ್ತು, ರಾಡಾರಿನ ಕಿರಣ ಅಲೆಗೆ ತಾಗಿದ್ದೂ ಪರದೆಗೆ ಬರುತ್ತದೆ, ಹಡಗಿನ ಸುತ್ತ ಎಲ್ಲ ಕಡೆ ಚುಕ್ಕೆ ಚುಕ್ಕೆ ಚುಕ್ಕೆ, ರಾಡಾರಿನವರು ಅದಕ್ಕೆ ಕಸ ಅನ್ನುತ್ತಾರೆ, ಕಸ ಕಡಿಮೆ ಮಾಡುವುದಕ್ಕೊಂದು ನಾಬ್ ಇದೆ, ತಿರುಗಿಸಿದರೆ ಕಸ ಹೋಗುತ್ತದೆ, ಹೆಚ್ಚು ತಿರುಗಿಸಿದರೆ ಕಸದ ಜೊತೆ ಸಣ್ಣ ದೋಣಿಗಳೂ ಹೋಗುತ್ತವೆ, ಇದು ತರಬೇತಿಯ ಮೊದಲ ವಾರ ಹೇಳಿಕೊಡುವ ಪಾಠ, ಎರಡನೆಯ ವಾರದಲ್ಲಿ ಮತ್ತೆ ಹೇಳಿಕೊಡುತ್ತಾರೆ, ಕೈಯ ಬೆರಳಿಗೆ ಬರುವ ತನಕ ಹೇಳಿಕೊಡುತ್ತಾರೆ. ಸಾಹೇಬರ ಹೆಂಡತಿ ಬಗ್ಗಿ ನೋಡಿ, ಇದೇನು ಇಷ್ಟೊಂದು, ಇದೆಲ್ಲಾ ದೋಣಿಗಳಾ, ಅಂದಳು.

ಯಾಕಯ್ಯ ನಿನ್ನ ಪರದೆಗೆ ಹೀಗೆ ಕಜ್ಜಿ ಎದ್ದಿದೆ, ಅಂದ ಪಾಲಿಶು, ನಕ್ಕುಕೊಂಡೇ ಅಂದ, ಎಲ್ಲರೂ ನಕ್ಕರು. ಅಷ್ಟೇ ಅಂದದ್ದು. ಅಷ್ಟೇನಾ — ಅಲ್ಲ, ಇನ್ನೇನೋ ಅಂದಿರಬೇಕು, ಕ್ಲೀನ್ ಮಾಡು ಅಂದಿರಬೇಕು, ಚೊಕ್ಕಟ ಮಾಡಿ ತೋರಿಸು ಅಂದಿರಬೇಕು, ಹತ್ತೊಂಬತ್ತು ದಿನದಿಂದ ಇವನು ಆ ವಾಕ್ಯವನ್ನು ಹುಡುಕುತ್ತಿದ್ದಾನೆ, ಹಲ್ಲುಜ್ಜುವಾಗ ಹುಡುಕುತ್ತಾನೆ, ಮಗಳ ಬೂಟಿನ ದಾರ ಕಟ್ಟುವಾಗ ಹುಡುಕುತ್ತಾನೆ, ಅಂಥ ಮನುಷ್ಯ ಅಂದೇ ಇರುತ್ತಾನೆ, ಅನ್ನದೆ ಬಿಡುವ ಜಾತಿಯೇ ಅಲ್ಲ ಅದು, ಆದರೆ ಕಿವಿ ಒಪ್ಪುವುದಿಲ್ಲ, ಕಿವಿಗೆ ಕೇಳುವುದು ನಗು ಮಾತ್ರ, ಆರು ಜನರ ನಗು, ಮತ್ತು ಈ ಕತ್ತಿನ ಹಿಂಭಾಗ ಬಿಸಿಯಾದದ್ದು, ಹನ್ನೊಂದು ಜನರನ್ನು ಹುಡುಕಿ ಕೊಟ್ಟವನ ಪರದೆಗೆ ಕಜ್ಜಿಯಂತೆ, ತೋರಿಸ್ತೀನಿ ಇರು ಅನಿಸಿದ್ದು. ಅದಕ್ಕೆ ಮೊದಲು ಚುಕ್ಕೆ ಕಂಡಿತ್ತು, ಮೂರು ಮೈಲಿ ಮುಂದೆ, ಅಲೆಯ ಚುಕ್ಕೆ ಒಂದು ಸುತ್ತಿಗೆ ಇದ್ದು ಇನ್ನೊಂದು ಸುತ್ತಿಗೆ ಇರುವುದಿಲ್ಲ, ಇದು ಇತ್ತು, ಗೆರೆ ಬಂತು ಚುಕ್ಕೆ, ಗೆರೆ ಬಂತು ಚುಕ್ಕೆ, ಮೂರನೆಯ ಸಲಕ್ಕೆ ತಗಡು ಅಂತ ಗೊತ್ತಾಗಿತ್ತು, ಗಟ್ಟಿ ಚುಕ್ಕೆ, ಯಾವನೋ ಚೆನ್ನಾಗಿ ಕಟ್ಟಿದ್ದಾನೆ ಅಂತ ಖುಷಿಯೂ ಆಗಿತ್ತು ಒಂದು ಕ್ಷಣ, ನಾಲ್ಕನೆಯ ಸಲ ಗೆರೆ ಬಂತು ಚುಕ್ಕೆ, ಕಜ್ಜಿ ಅಂದ, ನಕ್ಕರು, ಇವನ ಬೆರಳು ನಾಬಿನ ಮೇಲಿತ್ತು.

ಆಮೇಲೆ ನಾಬನ್ನು ಹಿಂದಕ್ಕೆ ತಿರುಗಿಸಬಹುದಿತ್ತು, ಹತ್ತು ನಿಮಿಷ ಸಮಯವಿತ್ತು, ಹತ್ತು ನಿಮಿಷ ಅಂದರೆ ಇನ್ನೂರ ನಲವತ್ತು ಸುತ್ತು, ಅತಿಥಿಗಳು ಹೋಗಲಿ ತಿರುಗಿಸುತ್ತೇನೆ ಅಂದುಕೊಂಡ, ಅವರು ಹೋಗಲಿಲ್ಲ, ವಾಹ್ ಈಗ ಎಷ್ಟು ಸ್ಪಷ್ಟವಾಗಿದೆ ಅಂದಳು ಸಾಹೇಬರ ಹೆಂಡತಿ, ಪಾಲಿಶು ಇವನ ಹೆಗಲು ತಟ್ಟಿದ, ನಮ್ಮ ಅತ್ಯುತ್ತಮ ಕಣ್ಣು ಮೇಡಂ ಇವನದು, ಅಂದ, ಹನ್ನೊಂದು ವರ್ಷದಲ್ಲಿ ಮೊದಲ ಸಲ ಹೆಗಲ ಮೇಲೆ ಬಿದ್ದ ಆ ಕೈಯನ್ನು ಕೆಳಗೆ ಬೀಳಿಸಬಾರದು ಅಂತ ಅಲ್ಲಾಡದೆ ಕೂತ, ದೂರದಲ್ಲೊಂದು ತೈಲ ಹಡಗು, ಅದರಾಚೆ ಇನ್ನೊಂದು, ಎರಡೇ ಎರಡು ದೊಡ್ಡ ಚುಕ್ಕೆ, ಉಳಿದದ್ದೆಲ್ಲ ಕಪ್ಪು, ಟೀ ಬಂತು, ಕುಡಿದರು, ಯಾರ ಲೋಟದಲ್ಲೋ ಟೀ ಒಂದು ಸಲ ತುಳುಕಿತು. ಇಷ್ಟನ್ನು ಯಾರಿಗೆ ಹೇಳುವುದು, ಇದನ್ನು ಹೇಳಿದರೆ ಆ ಪಾಲಿಶು ಬಚಾವ್ ಆಗುತ್ತಾನೆ, ಅದೇ ಆಗಬಾರದು, ವೇಗ ಅವನದು, ಕಾವಲಿನವರನ್ನು ಇಳಿಸಿದ್ದು ಅವನು, ಮುಳುಗಿದರೆ ಅವನೂ ಮುಳುಗಬೇಕು, ಕ್ಯಾಪ್ಟನ್ ಹೇಳಿದರು ನಾನು ಮಾಡಿದೆ, ನಾಲ್ಕು ಪದ, ಬಾಯಲ್ಲಿ ಸಿದ್ಧವಾಗಿವೆ, ಬೆಳಗ್ಗೆಯಿಂದ ಅವನ್ನೇ ಜಗಿಯುತ್ತಿದ್ದಾನೆ. ಗುಮಾಸ್ತ ಬಾಗಿಲಲ್ಲಿ ನಿಂತು ಹಾಳೆ ನೋಡಿ, ರಾಡಾರ್ ಆಪರೇಟರ್, ಒಳಗೆ ಬನ್ನಿ, ಅಂದ.

ಮೂವರು ಕೂತಿದ್ದಾರೆ, ನಡುವೆ ನರೆತ ಕೂದಲಿನ ಹೆಂಗಸು, ಕನ್ನಡಕ ದಾರಕ್ಕೆ ಕಟ್ಟಿಕೊಂಡಿದ್ದಾಳೆ, ಗೋಡೆಯ ಪಕ್ಕದ ಕುರ್ಚಿಯಲ್ಲಿ ಪಾಲಿಶು, ಕಾಲ ಮೇಲೆ ಕಾಲು ಇಲ್ಲ, ಎರಡೂ ಪಾದ ನೆಲಕ್ಕೆ ಊರಿವೆ, ಬೂಟಿನ ಮೇಲೆ ಧೂಳು, ಅವನ ಬೂಟಿನ ಮೇಲೆ ಧೂಳು ಇವನು ಕಂಡದ್ದು ಇದೇ ಮೊದಲು, ಖುಷಿಯಾಗಬೇಕಿತ್ತು. ಹೆಸರು ಕೇಳಿದರು, ಹೇಳಿದ. ಕೆಲಸ ಕೇಳಿದರು, ಹೇಳಿದ. ಆ ದೋಣಿ ಪರದೆ ಮೇಲೆ ಕಂಡಿತ್ತಾ, ಅಂತ ಕೇಳಿದಳು ಆ ಹೆಂಗಸು, ಕಂಡಿತ್ತು ಮೇಡಂ, ನಾಲ್ಕು ಸಲ, ಪಾಲಿಶು ತಲೆ ಎತ್ತಿದ, ದೋಣಿ ಮೇಲೆ ತಗಡು ಇರಲಿಲ್ಲ ಅಂತ ಕ್ಯಾಪ್ಟನ್ ಬರೆದುಕೊಟ್ಟಿದ್ದಾರೆ, ಇತ್ತು ಮೇಡಂ, ಎರಡಿದ್ವು, ನಾನೇ ಕಟ್ಟೋದು ಹೇಳ್ಕೊಟ್ಟಿದ್ದೆ. ಅವಳು ಕನ್ನಡಕ ಮೂಗಿಗೇರಿಸಿದಳು. ನಾಲ್ಕು ಸಲ ಕಂಡದ್ದು ಆಮೇಲೆ ಯಾಕೆ ಕಾಣಲಿಲ್ಲ, ಕಸದ ನಾಬ್ ತಿರುಗಿಸಿತ್ತು ಮೇಡಂ, ತಿರುಗಿಸು ಅಂತ ಕ್ಯಾಪ್ಟನ್ ಆದೇಶ ಕೊಟ್ಟರಾ — ಇದೇ, ಇದೇ ಜಾಗ, ಬಾಗಿಲು ತೆರೆದು ಹಿಡಿದಿದ್ದಾಳೆ ಅವಳು, ನಾಲ್ಕು ಪದ ಸಾಕು, ಪಾಲಿಶು ಉಸಿರು ಹಿಡಿದಿದ್ದಾನೆ, ಇವನಿಗೆ ಅವನ ಮೇಲಿನ ಸಿಟ್ಟು ಒಂದಿಷ್ಟೂ ಇಳಿದಿಲ್ಲ, ಇಳಿಯುವುದೂ ಇಲ್ಲ, ಹೇಳು, ಹೇಳಿಬಿಡು, ಹೊರಗೆ ಒಬ್ಬ ಲೈಸನ್ಸು ಕೈಯಲ್ಲಿ ಹಿಡಿದುಕೊಂಡು ನಿಂತಿದ್ದಾನೆ, ಹೊರಗಲ್ಲ, ದೋಣಿಯಲ್ಲಿ, ನಾವು ಅವರಿಗೆ ಕಾಣ್ತಿದ್ದೀವಿ ಅನ್ನುತ್ತಿದ್ದಾನೆ.

ಇಲ್ಲ ಮೇಡಂ, ಅಂದ, ಆದೇಶ ಕೊಡ್ಲಿಲ್ಲ, ಕಜ್ಜಿ ಎದ್ದಿದೆ ಅಂತ ತಮಾಷೆ ಮಾಡಿದ್ರು, ತಿರುಗಿಸಿದ್ದು ನಾನು. ಎಷ್ಟು ತಿರುಗಿಸಿದಿರಿ. ಪೂರ್ತಿ. ಪೂರ್ತಿ ತಿರುಗಿಸಿದ್ರೆ ಏನಾಗುತ್ತೆ ಅಂತ ನಿಮಗೆ ಗೊತ್ತಿತ್ತಾ. ಗೊತ್ತಿತ್ತು. ಬರೆದುಕೊಳ್ಳುವವನ ಪೆನ್ನು ನಿಂತಿತು, ಆಮೇಲೆ ಪರದೆ ಮೇಲೆ ಏನಿತ್ತು, ನಿಧಾನವಾಗಿ ನೆನಪು ಮಾಡ್ಕೊಂಡು ಹೇಳಿ, ಅಂದಳು ಅವಳು, ನೆನಪು ಮಾಡಿಕೊಳ್ಳುವುದೇನು ಬಂತು, ಇಲ್ಲಿಯೇ ಇದೆ, ಈ ಮೇಜಿನ ಮೇಲೆ, ಅವಳ ಮುಖದ ಮೇಲೆ, ಬಲಗಡೆ ಮೇಲೆ, ಗೆರೆ ಬಂತು, ಕಪ್ಪು, ಗೆರೆ ಬಂತು, ಕಪ್ಪು, ಹೇಳಿ, ಅಂದಳು, ಗೆರೆ ಬಂತು, ಕಪ್ಪು, ಗೆರೆ ಬಂತು